ಅಡಿಕೆ ತೋಟದಲ್ಲಿ ಹಾರುವ ಓತಿಯನ್ನು ಹುಡುಕಿ ಗಮನಿಸುವ ಕ್ರಮ

ಮಲೆನಾಡಿನ ಅಡಿಕೆ ತೋಟಗಳಲ್ಲಿಯೂ ಅವುಗಳಿಗೆ ತಾಗಿಕೊಂಡಿರುವ ಕಾಡಿನಲ್ಲಿಯೂ ಹಾರುವ ಓತಿ ಅಪರೂಪದ ಪ್ರಾಣಿಯೇನಲ್ಲ. ಹಾಗಿದ್ದರೂ ಅಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಕೂಡ ಅದನ್ನು ಕಣ್ತುಂಬ ನೋಡಿದವರು ಕಡಿಮೆ. ಇದಕ್ಕೆ ಕಾರಣ ನಾವು ಹುಡುಕುವ ರೀತಿ. ಹಾರುವ ಪ್ರಾಣಿ ಎಂದೊಡನೆ ನಮ್ಮ ಕಣ್ಣು ಮರದಿಂದ ಮರಕ್ಕಿರುವ ಬಯಲಿಗೆ ಹೋಗುತ್ತದೆ. ಹಾರುವ ಓತಿಯಾದರೋ ಹಗಲಿನ ಬಹುಪಾಲನ್ನು ಕಾಂಡಕ್ಕೆ ಅಂಟಿಕೊಂಡೇ ಕಳೆಯುತ್ತದೆ. ಅದರ ಒಂದು ಹಾರಾಟ ನಾಲ್ಕಾರು ಸೆಕೆಂಡುಗಳೊಳಗೆ ಮುಗಿದುಹೋಗಿರುತ್ತದೆ. ಆದ್ದರಿಂದ ತೋಟವನ್ನೆಲ್ಲ ಸುತ್ತುವುದನ್ನು ಬಿಟ್ಟು ಒಂದೆಡೆ ನಿಂತು ಕಾಂಡಗಳನ್ನು ನೋಡುವುದನ್ನು ರೂಢಿಸಿಕೊಂಡವರಿಗೆ ಮಾತ್ರ ಇದು ಸರಿಯಾಗಿ ಕಾಣಸಿಗುತ್ತದೆ. ಈ ಬರಹ ಮುಖ್ಯವಾಗಿ ಆ ರೂಢಿಯನ್ನು ಕುರಿತದ್ದು.

ಈ ಪ್ರಾಣಿಯ ವೈಜ್ಞಾನಿಕ ಹೆಸರು ಡ್ರಾಕೊ ಡುಸ್ಸುಮಿಯೇರಿ. ಫ್ರಾನ್ಸಿನ ದ್ಯುಮೆರಿಲ್ ಮತ್ತು ಬಿಬ್ರೋನ್ 1837ರಲ್ಲಿ ಇದನ್ನು ಮೊದಲು ವರ್ಣಿಸಿ, ಹಡಗಿನಲ್ಲಿ ಸಂಚರಿಸುತ್ತ ಜೀವಿಗಳ ಮಾದರಿಗಳನ್ನು ಸಂಗ್ರಹಿಸುತ್ತಿದ್ದ ವ್ಯಾಪಾರಿ ಡುಸ್ಸುಮಿಯೇ ಅವರ ಹೆಸರನ್ನು ಇದಕ್ಕೆ ಇಟ್ಟರು. ಡ್ರಾಕೊ ಕುಲದಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿವೆ; ಅವುಗಳಲ್ಲಿ ಬಹುತೇಕ ಎಲ್ಲವೂ ಆಗ್ನೇಯ ಏಷ್ಯದವು. ದಕ್ಷಿಣ ಭಾರತದಲ್ಲಿರುವುದು ಇದೊಂದೇ, ಪಶ್ಚಿಮ ಘಟ್ಟವೇ ಇದರ ಮುಖ್ಯ ನೆಲೆ. ಕರ್ನಾಟಕದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಮಳೆಕಾಡಿನ ಸೀಮೆಯಲ್ಲಿಯೂ ಉಡುಪಿ ಮತ್ತು ದಕ್ಷಿಣ ಕನ್ನಡದ ಘಟ್ಟದ ತಪ್ಪಲಿನಲ್ಲಿಯೂ ಇದನ್ನು ನೋಡಬಹುದು.

ಬಾಲವೂ ಸೇರಿ ಇದರ ಉದ್ದ ಸುಮಾರು 20 ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಪಕ್ಕೆಲುಬುಗಳಲ್ಲಿ ಐದಾರು ಜೊತೆ ದೇಹದಾಚೆಗೂ ಉದ್ದವಾಗಿ ಬೆಳೆದಿದ್ದು, ಛತ್ರಿಯ ಕಡ್ಡಿಗಳು ಬಟ್ಟೆಯನ್ನು ಹಿಡಿದಿರುವಂತೆ ಅವು ಎರಡು ಪಕ್ಕದ ತೊಗಲಿನ ಪೊರೆಯನ್ನು ಹಿಡಿದಿರುತ್ತವೆ. ಕುಳಿತಾಗ ಪಕ್ಕೆಲುಬುಗಳು ಹಿಂದಕ್ಕೆ ಮಡಚಿಕೊಂಡು ಪೊರೆ ಮೈಗೆ ಅಂಟಿಬಿಡುವುದರಿಂದ, ರೆಕ್ಕೆಯೆಂಬುದು ಇದೆಯೆಂದು ಅನುಮಾನ ಬರುವುದೂ ಕಷ್ಟ. ಮೈಯ ಬಣ್ಣ ಬೂದು ಮತ್ತು ಕಂದು ಬೆರೆತದ್ದು. ಅಡಿಕೆ ಮರದ ಕಾಂಡದ ಮೇಲೆ ಹರಡಿರುವ ಕಲ್ಲುಹೂವಿನ ಮಚ್ಚೆಗಳ ನಡುವೆ ಅದು ಪೂರ್ತಿ ಕರಗಿಹೋಗುತ್ತದೆ.

ಯಾವ ತೋಟ, ಯಾವ ಹೊತ್ತು

ಎಲ್ಲ ಅಡಿಕೆ ತೋಟಗಳೂ ಒಂದೇ ಅಲ್ಲ. ಬಯಲುಸೀಮೆಯ ಗದ್ದೆಗಳಲ್ಲಿ ಹೊಸದಾಗಿ ಎಬ್ಬಿಸಿದ, ಸುತ್ತ ಒಂದು ಕಾಡುಮರವೂ ಇಲ್ಲದ ತೋಟಗಳಲ್ಲಿ ಹಾರುವ ಓತಿಯನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ನೀವು ಆರಿಸಿಕೊಳ್ಳಬೇಕಾದದ್ದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವ, ಒಂದು ಮಗ್ಗುಲಾದರೂ ಕಾಡಿಗೋ, ನಿತ್ಯಹಸುರಿನ ಕಾನಿಗೋ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೋ ತಾಗಿರುವ ಹಳೆಯ ತೋಟವನ್ನು. ಹಲಸು, ಮಾವು, ಹೆಬ್ಬಲಸು, ನಂದಿ, ಮತ್ತಿಯಂತಹ ದೊಡ್ಡ ಮರಗಳು ತೋಟದ ಅಂಚಿನವರೆಗೂ ಬಂದಿದ್ದರೆ ಇನ್ನೂ ಒಳ್ಳೆಯದು. ಹಾರುವ ಓತಿಯ ಮೂಲ ನೆಲೆ ಕಾಡು. ಅಡಿಕೆ ತೋಟ ಅದರ ವಿಸ್ತರಣೆ ಮಾತ್ರ. ಆದರೆ ಬರಿಗಣ್ಣಿಗೆ ಅದು ಕಾಣುವುದಕ್ಕೆ ಕಾಡಿಗಿಂತ ತೋಟವೇ ಅನುಕೂಲ. ಅಡಿಕೆ ಮರಕ್ಕೆ ಕೊಂಬೆಗಳಿಲ್ಲ, ಕಾಂಡ ನೇರ ಮತ್ತು ನುಣುಪು, ಸಾಲುಗಳ ನಡುವೆ ಹಾರಲು ಬೇಕಾದಷ್ಟು ತೆರಪು ಇರುತ್ತದೆ. ಕಾಡಿನಲ್ಲಿ ಎಲೆಗಳ ಮರೆಯಲ್ಲಿ ನಡೆದುಹೋಗುವುದೆಲ್ಲ ಇಲ್ಲಿ ನಮ್ಮ ಕಣ್ಣಳತೆಯಲ್ಲಿಯೇ ನಡೆಯುತ್ತದೆ. ಕಾಳುಮೆಣಸಿನ ಬಳ್ಳಿ ದಟ್ಟವಾಗಿ ಹಬ್ಬಿರುವ ಮರಗಳನ್ನು ಬಿಟ್ಟು, ಬರಿಯ ಕಾಂಡದ ಮರಗಳು ಹೆಚ್ಚಿರುವ ಭಾಗವನ್ನು ನೋಡಿಕೊಳ್ಳಿ.

ಬೇರೆಯವರ ತೋಟವಾದರೆ ಮೊದಲು ಮನೆಗೆ ಹೋಗಿ ಕೇಳಿ ಒಪ್ಪಿಗೆ ಪಡೆಯಿರಿ. ಹಾಗೆ ಕೇಳುವಾಗ ಸಿಗುವ ಮಾಹಿತಿಯೇ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ. ಅದರಲ್ಲಿಯೂ ಮರವೇರಿ ಅಡಿಕೆ ಗೊನೆ ಇಳಿಸುವ ಕೊನೆಗಾರರನ್ನು ತಪ್ಪದೆ ಮಾತನಾಡಿಸಿ. ಕೊನೆ ಕೊಯ್ಯಲು, ಮಳೆಗಾಲದ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಮರದಿಂದ ಮರಕ್ಕೆ ದಾಟುತ್ತ ದಿನವಿಡೀ ಮೇಲೆಯೇ ಇರುವ ಅವರಿಗೆ ಯಾವ ಭಾಗದಲ್ಲಿ ಓತಿ ಹೆಚ್ಚು, ಯಾವ ಕಡೆಯಿಂದ ಯಾವ ಕಡೆಗೆ ಹಾರುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಈ ಪ್ರಾಣಿಯ ಕುರಿತ ಅನುಭವದ ತಿಳಿವಳಿಕೆ ಅವರಲ್ಲಿರುವಷ್ಟು ಬೇರಾರಲ್ಲಿಯೂ ಇಲ್ಲವೆಂದೇ ನನ್ನ ಭಾವನೆ. ಅದನ್ನು ಯಾರೂ ಬರೆದಿಟ್ಟುಕೊಳ್ಳದಿರುವುದು ನಮ್ಮೆಲ್ಲರ ನಷ್ಟ.

ಹಾರುವ ಓತಿ ಹಗಲಿನ ಪ್ರಾಣಿ. ತೋಟದೊಳಗೆ ಬಿಸಿಲಿಳಿದು ಕಾಂಡಗಳು ಬೆಚ್ಚಗಾದ ಮೇಲೆ ಅದರ ಓಡಾಟ ಶುರುವಾಗುತ್ತದೆ. ಕಣಿವೆಯ ತೋಟಗಳಲ್ಲಿ ಇಬ್ಬನಿ ಆರಿ ಬಿಸಿಲು ನೆಲ ಮುಟ್ಟುವಾಗ ಒಂಬತ್ತು ಗಂಟೆಯಾದರೂ ಆಗುತ್ತದೆ, ಆದ್ದರಿಂದ ಹಕ್ಕಿ ನೋಡುವವರಂತೆ ನಸುಕಿನಲ್ಲಿ ಹೊರಡುವ ಅಗತ್ಯವಿಲ್ಲ. ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲ ಚಳಿ ಮುಗಿಯುವ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನದು. ಅದು ಇವುಗಳು ಜೊತೆಗೂಡುವ ಕಾಲವಾದ್ದರಿಂದ ಗಂಡುಗಳು ತಾವಾಗಿಯೇ ತಮ್ಮನ್ನು ತೋರಿಸಿಕೊಳ್ಳುತ್ತವೆ. ಜೂನ್ ಬಂದು ಮಳೆ ಹಿಡಿದ ಮೇಲೆ ಹುಡುಕಾಟವನ್ನು ನಿಲ್ಲಿಸುವುದೇ ಸರಿ.

ಕಾಂಡವನ್ನು ನೋಡುವುದು

ತೋಟದ ಅಂಚಿನಿಂದ ನಾಲ್ಕಾರು ಸಾಲು ಒಳಗೆ, ಸುತ್ತಲಿನ ಹತ್ತಿಪ್ಪತ್ತು ಮರಗಳು ಬುಡದಿಂದ ಸೋಗೆಯವರೆಗೆ ಕಾಣುವಂತಹ ಒಂದು ಜಾಗವನ್ನು ಆರಿಸಿ, ಬೆನ್ನಿಗೆ ಒಂದು ಮರವನ್ನು ಕೊಟ್ಟು ಕುಳಿತುಕೊಳ್ಳಿ. ಬಟ್ಟೆ ಮಾಸಲು ಬಣ್ಣದ್ದಿರಲಿ. ಕಾಲಿಗೆ ಗಂಬೂಟು ಇರಲಿ. ಬಸಿಗಾಲುವೆಯ ಬದಿಯಲ್ಲಿ ತೇವವಿರುವ ಕಡೆ ಬೇಸಿಗೆಯಲ್ಲಿಯೂ ಉಂಬಳ ಇರಬಹುದು. ಮೆಣಸಿನ ಬಳ್ಳಿಗೆ ಕೈಯಿಡುವ ಮೊದಲು ನೋಡಿಕೊಳ್ಳಿ, ಮಲಬಾರ್ ಗುಳಿಮಂಡಲವೆಂಬ ವಿಷದ ಹಾವು ಅಂತಹ ಜಾಗದಲ್ಲಿ ಅಲುಗಾಡದೆ ಕುಳಿತಿರುತ್ತದೆ.

ಕಾಂಡವನ್ನು ಎದುರಿನಿಂದ ನೋಡಿದರೆ ಓತಿ ಕಾಣುವುದಿಲ್ಲ. ನೋಡಬೇಕಾದದ್ದು ಕಾಂಡದ ಎರಡು ಅಂಚುಗಳನ್ನು. ಅಡಿಕೆ ಕಾಂಡದ ಅಂಚು ಬುಡದಿಂದ ತುದಿಯವರೆಗೆ ನೂಲು ಹಿಡಿದಂತೆ ನೇರವಾಗಿರುತ್ತದೆ. ಆ ಗೆರೆಯಲ್ಲಿ ಎಲ್ಲಿಯಾದರೂ ಒಂದು ಸಣ್ಣ ಉಬ್ಬು ಕಂಡರೆ ಅಲ್ಲಿ ಕಣ್ಣು ನಿಲ್ಲಿಸಿ. ಬೆಳಕು ಕಾಂಡದ ಹಿಂದಿನಿಂದ ಬರುವಂತೆ ಕುಳಿತರೆ ಈ ಉಬ್ಬು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಮರವನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ನೋಡಿ ಮುಗಿಸಿ, ನಂತರ ಪಕ್ಕದ ಮರಕ್ಕೆ ಹೋಗಿ. ಎಲ್ಲ ಮರಗಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿ. ದುರ್ಬೀನು ಇದ್ದರೆ 8 ಪಟ್ಟು ಹಿಗ್ಗಿಸುವಂತಹದು ಸಾಕು. ಅದಕ್ಕಿಂತ ಹೆಚ್ಚಿನದು ಕೈನಡುಕವನ್ನು ಹೆಚ್ಚಿಸುತ್ತದೆ. ಆದರೆ ಹುಡುಕುವುದನ್ನು ಬರಿಗಣ್ಣಿನಲ್ಲಿಯೇ ಮಾಡಿ, ಉಬ್ಬು ಕಂಡ ಮೇಲೆ ದುರ್ಬೀನು ಎತ್ತಿಕೊಳ್ಳಿ.

ಅಲುಗಾಟಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಂಡಿನ ಗಂಟಲಡಿಯ ತೊಗಲು. ತಲೆಗಿಂತಲೂ ಉದ್ದವಾಗಿರುವ, ಮೊನಚಾದ ಈ ಹಳದಿ ತೊಗಲನ್ನು ಅದು ಮುಂದಕ್ಕೆ ಚಾಚಿ ಮಡಚಿ, ಮತ್ತೆ ಚಾಚಿ ಮಡಚುತ್ತದೆ. ನೆರಳಿನ ನಡುವೆ ಒಂದು ಹಳದಿ ಚುಕ್ಕೆ ಹೊತ್ತಿ ಆರಿದಂತೆ ಕಂಡರೆ ಅದು ಇದೇ. ಈ ಸಂಜ್ಞೆ ಇನ್ನೊಂದು ಗಂಡಿಗೆ ಇಲ್ಲಿ ನಾನಿದ್ದೇನೆ ಎಂಬ ಎಚ್ಚರಿಕೆಯೂ ಹೌದು, ಹೆಣ್ಣಿಗೆ ಕರೆಯೂ ಹೌದು. ಹತ್ತಿರದಲ್ಲಿ ಹೆಣ್ಣಿದ್ದರೆ ಗಂಡು ಪೊರೆಯನ್ನು ಕೂಡ ಅರೆಬರೆ ಬಿಚ್ಚಿ ಅವಳ ಸುತ್ತ ಸುತ್ತುವುದನ್ನು ನೋಡಬಹುದು. ಹೆಣ್ಣಿನ ಗಂಟಲ ತೊಗಲು ತೀರ ಚಿಕ್ಕದಾಗಿದ್ದು ದೂರದಿಂದ ಕಾಣುವುದಿಲ್ಲ, ಆದ್ದರಿಂದ ಗಂಡು ಕಂಡ ಮರದ ಆಸುಪಾಸಿನ ಮರಗಳನ್ನು ಹೆಣ್ಣಿಗಾಗಿ ವಿಶೇಷವಾಗಿ ನೋಡಬೇಕು.

ನಿಮ್ಮನ್ನು ಗಮನಿಸಿದ ಓತಿ ಅಳಿಲಿನ ಹಾಗೆಯೇ ಕಾಂಡದ ಆಚೆ ಬದಿಗೆ ಸರಿದುಬಿಡುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಹಾಗಾದಾಗ ಅದನ್ನು ಬೆನ್ನಟ್ಟದೆ ಅಲ್ಲಿಯೇ ಕದಲದೆ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಅದೇ ಈಚೆಗೆ ಬರುತ್ತದೆ. ಇಬ್ಬರಿದ್ದರೆ ಒಬ್ಬರು ಆಚೆ, ಒಬ್ಬರು ಈಚೆ, ಸಾಕಷ್ಟು ದೂರದಲ್ಲಿ ಕುಳಿತು ಕೈಸನ್ನೆಯಲ್ಲಿ ತಿಳಿಸಿಕೊಳ್ಳಬಹುದು.

ಈಚೆಗೆ ಬಂದ ಓತಿ ಏನು ಮಾಡುತ್ತದೆ ಎಂಬುದನ್ನು ನೋಡುವುದೇ ನನ್ನ ದೃಷ್ಟಿಯಲ್ಲಿ ಈ ಕೆಲಸದ ನಿಜವಾದ ಸಂತೋಷ. ಇದರ ಆಹಾರ ಮುಖ್ಯವಾಗಿ ಇರುವೆ, ಗೆದ್ದಲನ್ನೂ ತಿನ್ನುತ್ತದೆ. ಕಾಂಡದ ಮೇಲೆ ಇರುವೆಯ ಸಾಲು ಹರಿಯುತ್ತಿರುವ ಕಡೆ ಅದು ತಲೆ ಮೇಲೆ ಮಾಡಿ, ನಾಲ್ಕೂ ಕಾಲುಗಳನ್ನು ಅಗಲಿಸಿ ಕುಳಿತುಬಿಡುತ್ತದೆ. ಬೇಟೆಗೆಂದು ಓಡುವುದಿಲ್ಲ. ಇರುವೆ ಮೂತಿಯ ಹತ್ತಿರಕ್ಕೆ ಬಂದಾಗ ಕುತ್ತಿಗೆ ಒಂದಿಷ್ಟು ಬಾಗುತ್ತದೆ, ನಾಲಿಗೆ ಹೊರಬಂದು ಒಳಹೋಗುತ್ತದೆ, ದವಡೆ ಎರಡು ಸಲ ಆಡುತ್ತದೆ, ಮತ್ತೆ ಎಲ್ಲವೂ ಸ್ತಬ್ಧ. ಆ ಸಾಲಿನಲ್ಲಿ ತಿನ್ನುವುದು ಸಾಕಾದಾಗ ಕಾಂಡದ ಮೇಲೆ ಒಂದೆರಡು ಅಡಿ ಜಿಗಿಜಿಗಿದು ಏರಿ ಮತ್ತೆ ಕೂರುತ್ತದೆ. ಹೀಗೆ ತಿನ್ನುತ್ತ ಏರುತ್ತ ಎತ್ತರಕ್ಕೆ ಹೋದ ಮೇಲೆ ಹಾರಿ, ಮುಂದಿನ ಮರದ ಕೆಳಭಾಗಕ್ಕೆ ಬಂದು, ಅಲ್ಲಿಂದ ಮತ್ತೆ ಏರಲು ತೊಡಗುತ್ತದೆ. ಇಷ್ಟನ್ನು ಒಂದು ಸಲ ಪೂರ್ತಿಯಾಗಿ ನೋಡಿದವರಿಗೆ ಮುಂದಿನ ಹಾರಾಟ ಯಾವಾಗ ಎಂಬುದು ತಾನಾಗಿಯೇ ಅಂದಾಜಿಗೆ ಸಿಗತೊಡಗುತ್ತದೆ: ಸೋಗೆಯ ಹತ್ತಿರಕ್ಕೆ ಬಂದ ಓತಿ ತಿನ್ನುವುದನ್ನು ಬಿಟ್ಟು, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಇನ್ನೊಂದು ಮರವನ್ನು ನೋಡತೊಡಗಿದರೆ ಹಾರಾಟ ಹತ್ತಿರವಾಗಿದೆ ಎಂದರ್ಥ.

ಹಾರಾಟದಲ್ಲಿ ಗಮನಿಸಬೇಕಾದದ್ದು

ಇದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ, ತೇಲುತ್ತ ಇಳಿಯುತ್ತದೆ. ಕಾಂಡದಿಂದ ಜಿಗಿದ ಕೂಡಲೇ ತಲೆ ಕೆಳಗಾಗಿ ಬೀಳತೊಡಗಿ, ಬೀಳುತ್ತಲೇ ಪೊರೆ ಬಿಚ್ಚಿಕೊಂಡು, ಓರೆಯಾಗಿ ಮುಂದಕ್ಕೆ ಸಾಗಿ, ಇನ್ನೊಂದು ಮರ ಹತ್ತಿರವಾದಾಗ ಮೈಯನ್ನು ಮೇಲಕ್ಕೆತ್ತಿ ವೇಗ ತಗ್ಗಿಸಿಕೊಂಡು ಕಾಂಡವನ್ನು ಹಿಡಿಯುತ್ತದೆ. ಇದರ ನಡುವೆ ಒಂದು ಸೂಕ್ಷ್ಮವಿದೆ. ಪೊರೆಯನ್ನು ಹಿಗ್ಗಿಸುವುದು ಪಕ್ಕೆಲುಬುಗಳ ಕೆಲಸ ಮಾತ್ರವೆಂದು ಬಹುಕಾಲ ತಿಳಿಯಲಾಗಿತ್ತು. ಜರ್ಮನಿಯ ಜೀವವಿಜ್ಞಾನಿ ಮ್ಯಾಕ್ಸಿಮಿಲಿಯನ್ ಡೆಲಿಂಗ್ ಆಗುಂಬೆಯ ಸುತ್ತಿನಲ್ಲಿ ಈ ಓತಿಯ ಹಾರಾಟದ ಚಿತ್ರಗಳನ್ನು ತೆಗೆದು, 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಗಿದ ಮೇಲೆ ಓತಿ ತನ್ನ ಮುಂಗಾಲುಗಳನ್ನು ಹಿಂದಕ್ಕೆ ಚಾಚಿ ಪೊರೆಯ ಮುಂದಿನ ಅಂಚನ್ನು ಉಗುರುಗಳಿಂದ ಹಿಡಿದುಕೊಳ್ಳುತ್ತದೆ, ಇಳಿಯುವ ಮುನ್ನ ಬಿಡುತ್ತದೆ ಎಂದು ತೋರಿಸಿದರು. ಹೀಗೆ ಹಾರುವಾಗ ಮುಂಗಾಲೂ ಪೊರೆಯೂ ಕೂಡಿ ಒಂದೇ ರೆಕ್ಕೆಯಾಗುತ್ತವೆ. ನಮ್ಮ ಮಲೆನಾಡಿನಲ್ಲಿ ಎಷ್ಟೋ ತಲೆಮಾರುಗಳ ಕಣ್ಣೆದುರೇ ಹಾರುತ್ತಿದ್ದ ಪ್ರಾಣಿಯ ಬಗ್ಗೆ ಇಷ್ಟು ಮೂಲಭೂತವಾದ ಸಂಗತಿ ತೀರ ಈಚೆಗೆ ದಾಖಲಾಯಿತೆಂಬುದು, ಇನ್ನೂ ನೋಡಬೇಕಾದದ್ದು ಎಷ್ಟು ಉಳಿದಿದೆ ಎಂಬುದನ್ನು ಸೂಚಿಸುತ್ತದೆ.

ಬರಿಗಣ್ಣಿಗೆ ಈ ಹಿಡಿತ ಕಾಣುವುದಿಲ್ಲ. ಚಿತ್ರದಲ್ಲಿ ಹಿಡಿಯಬೇಕೆಂದಿದ್ದರೆ ಸೆಕೆಂಡಿನ 2,000ದಲ್ಲಿ ಒಂದು ಭಾಗದ ಶಟರ್ ವೇಗ, ಒಂದರ ಹಿಂದೊಂದು ಚಿತ್ರ ತೆಗೆಯುವ ವ್ಯವಸ್ಥೆ ಮತ್ತು ಸಾಕಷ್ಟು ಬೆಳಕು ಬೇಕು. ಹಾರುತ್ತಿರುವುದನ್ನು ಹಿಂಬಾಲಿಸಲು ಹೋಗದೆ, ಜಿಗಿಯುವ ಮರದ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಕಾಯುವುದು ಉತ್ತಮ. ಬೆಳಕು ಪೊರೆಯ ಹಿಂದಿನಿಂದ ಬಿದ್ದರೆ ಪಕ್ಕೆಲುಬುಗಳ ಗೆರೆಗಳೂ ಮಚ್ಚೆಗಳೂ ಸ್ಪಷ್ಟವಾಗಿ ಮೂಡುತ್ತವೆ. ಈ ಮಚ್ಚೆಗಳಿಗೆ ಇನ್ನೊಂದು ಉಪಯೋಗವಿದೆ: ಅವುಗಳ ವಿನ್ಯಾಸ ಒಂದರದ್ದರಂತೆ ಇನ್ನೊಂದರದ್ದಿರುವುದಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು, ಚಿತ್ರಗಳ ಮೂಲಕ ಒಂದೊಂದು ಓತಿಯನ್ನೂ ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಆಗುಂಬೆಯ ಸುತ್ತಲಿನಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. ನಿಮ್ಮ ಚಿತ್ರಗಳನ್ನು ಜೋಪಾನವಾಗಿಟ್ಟುಕೊಂಡರೆ, ಈ ವರ್ಷ ಕಂಡ ಓತಿಯೇ ಮುಂದಿನ ವರ್ಷವೂ ಅದೇ ಸಾಲಿನಲ್ಲಿ ಇದೆಯೇ ಎಂಬುದನ್ನು ನೀವೇ ಹೇಳಬಹುದು.

ಹಾರಿಸುವುದಕ್ಕೆಂದು ಮರವನ್ನು ಅಲುಗಿಸುವುದು, ಕಾಂಡಕ್ಕೆ ಕೋಲಿನಿಂದ ಬಡಿಯುವುದು, ಕಲ್ಲು ಹೊಡೆಯುವುದು ಖಂಡಿತ ಸಲ್ಲದು. ಹಿಡಿದು ಪೊರೆಯನ್ನು ಬೆರಳುಗಳಿಂದ ಬಿಡಿಸಿ ಚಿತ್ರ ತೆಗೆಸಿಕೊಳ್ಳುವುದಂತೂ ಕ್ರೌರ್ಯವೇ. ಆ ಪಕ್ಕೆಲುಬುಗಳು ಕಡ್ಡಿಯಷ್ಟು ತೆಳ್ಳಗಿರುತ್ತವೆ. ಒಂದು ಮುರಿದರೂ ಅದು ಮತ್ತೆ ಸರಿಯಾಗಿ ಹಾರಲಾರದು, ಹಾರಲಾರದ ಓತಿ ಹಕ್ಕಿಯ ಬಾಯಿಗೋ ಹಾವಿನ ಬಾಯಿಗೋ ಬೀಳುತ್ತದೆ.

ಇತರ ಓತಿಗಳಿಂದ ಬೇರ್ಪಡಿಸಿ ನೋಡುವುದು

ಪೊರೆ ಮಡಚಿಕೊಂಡಾಗ ತಪ್ಪು ಗುರುತಿಸುವ ಸಾಧ್ಯತೆಯಿದೆ. ಬೇಲಿಯಲ್ಲಿ ಎಲ್ಲರೂ ನೋಡುವ ಓತಿಕ್ಯಾತಕ್ಕೆ ಬೆನ್ನಿನ ಮೇಲೆ ಮುಳ್ಳಿನಂತಹ ಸಾಲು ಎದ್ದು ಕಾಣುತ್ತದೆ, ಮೈಯೂ ದೊಡ್ಡದು. ಕಾಡಿನಂಚಿನಲ್ಲಿ, ಮರದ ಬುಡದಿಂದ ಆಳೆತ್ತರದೊಳಗೆ ಹೆಚ್ಚಾಗಿ ಕಾಣುವ ಕಂದು ಬಣ್ಣದ ರೂ ಕಾಡು ಓತಿ ಇನ್ನೊಂದು. ಇದನ್ನು ಮೊದಲು ಓತಿಕ್ಯಾತದ ಕುಲದಲ್ಲಿಯೇ ಸೇರಿಸಿದ್ದರು, 2018ರಲ್ಲಿ ಮೊನಿಲಿಸಾರಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಎತ್ತರದ ಕೊಂಬೆಗಳಲ್ಲಿ ಅಚ್ಚ ಹಸುರಿನ, ದೊಡ್ಡ ಹುರುಪೆಗಳ ಓತಿ ಕಂಡರೆ ಅದು ಘಟ್ಟದ ಹಸುರು ಕಾಡು ಓತಿ. ಹಾರುವ ಓತಿಯ ಮೈ ಚಪ್ಪಟೆ, ಕಾಲುಗಳು ತೆಳು, ಕುಳಿತ ಭಂಗಿ ಕಾಂಡಕ್ಕೆ ಒತ್ತಿಕೊಂಡಂತೆ. ಪೊರೆ ಬಿಚ್ಚಿತೆಂದರೆ ಅನುಮಾನಕ್ಕೆ ಎಡೆಯೇ ಇಲ್ಲ: ಮೇಲೆ ನೇರಳೆಗೆ ತಿರುಗುವ ಕಡುಬಣ್ಣದ ಮೇಲೆ ತಿಳಿ ಮಚ್ಚೆಗಳು, ಕೆಳಗೆ ಹಳದಿಯ ಮೇಲೆ ಕಪ್ಪು ಮಚ್ಚೆಗಳು.

ನೆಲಕ್ಕಿಳಿದ ಹೆಣ್ಣು

ಜೀವಮಾನವನ್ನೆಲ್ಲ ಮರದ ಮೇಲೆ ಕಳೆಯುವ ಈ ಓತಿ ನೆಲಕ್ಕಿಳಿಯುವುದು ಮುಖ್ಯವಾಗಿ ಮೊಟ್ಟೆಯಿಡುವುದಕ್ಕೆ. ಬೇಸಿಗೆಯಲ್ಲಿ ಮರದ ಬುಡದ ಬಳಿ ಒಂದು ಓತಿ ಮೂತಿಯಿಂದ ಮಣ್ಣನ್ನು ಕೆದಕುತ್ತಿರುವುದು ಕಂಡರೆ ಅಲ್ಲಿಯೇ ನಿಂತುಬಿಡಿ. ಸಣ್ಣ ಗುಳಿ ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಅದೇ ಮೂತಿಯಿಂದ ತಟ್ಟಿ ತಟ್ಟಿ ಸಮ ಮಾಡುತ್ತದೆ. ಈ ಹೊತ್ತಿನಲ್ಲಿ ಅದಕ್ಕೆ ಹಾರಿ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ನೀವು ಹತ್ತಿರ ಹೋದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರವೇರಬಹುದು, ತೆರೆದ ಗುಳಿಯನ್ನು ಇರುವೆ ಮುತ್ತಬಹುದು. ಅದು ಹೋದ ಮೇಲೆಯೂ ಮಣ್ಣನ್ನು ಕೆದಕಿ ನೋಡಬೇಡಿ. ಜಾಗದಿಂದ ಒಂದು ಮಾರು ದೂರದಲ್ಲಿ ಕಡ್ಡಿಯೊಂದನ್ನು ನೆಟ್ಟು ಗುರುತು ಮಾಡಿ, ಅಲ್ಲಿ ಗುದ್ದಲಿ ಹಾಕದಂತೆ ತೋಟದವರಿಗೆ ತಿಳಿಸಿ. ಮರಿಗಳು ಹೊರಬರಲು ಸುಮಾರು 50 ದಿನ ಬೇಕು.

ತೋಟದವರು ಮಾಡಬಹುದಾದದ್ದು

ಹಾರುವ ಓತಿಗೆ ಬೇಕಾದದ್ದು ಮೂರು: ಏರಲು ಕಾಂಡ, ತಿನ್ನಲು ಇರುವೆ, ಮೊಟ್ಟೆಗೆ ಮೆತ್ತಗಿನ ಮಣ್ಣು. ಅಡಿಕೆ ತೋಟದಲ್ಲಿ ಮೊದಲನೆಯದು ಹೇಗೂ ಇದೆ. ಉಳಿದೆರಡು ನಾವು ತೋಟವನ್ನು ನಡೆಸುವ ರೀತಿಯನ್ನು ಅವಲಂಬಿಸಿವೆ. ಇರುವೆ ಕಂಡಲ್ಲೆಲ್ಲ ಕೀಟನಾಶಕ ಸುರಿಯುವ ರೂಢಿ ಈಚೆಗೆ ಹೆಚ್ಚಿದೆ. ಕೊನೆ ಕೊಯ್ಯುವವರಿಗೆ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಕಚ್ಚುತ್ತದೆಂಬುದು ನಿಜವೇ. ಹಾಗಿದ್ದರೆ ಆ ಕೆಲವು ಮರಗಳ ಗೂಡನ್ನು ಮಾತ್ರ ತೆಗೆಸಬಹುದು, ಇಡೀ ತೋಟದ ಇರುವೆಗಳನ್ನು ಕೊಲ್ಲಬೇಕಾಗಿಲ್ಲ. ಕಳೆನಾಶಕದ ಬದಲು ಕಳೆಯನ್ನು ಕತ್ತರಿಸಿ ಬುಡಕ್ಕೇ ಹಾಕಿದರೆ, ಸೊಪ್ಪನ್ನೂ ದರಕನ್ನೂ (ಒಣಗಿದ ಎಲೆ) ಹೊದೆಸುವ ಹಳೆಯ ಕ್ರಮವನ್ನೇ ಮುಂದುವರಿಸಿದರೆ, ಮಣ್ಣು ಗಟ್ಟಿಯಾಗದೆ ಓತಿಗೂ ಮರಕ್ಕೂ ಒಳ್ಳೆಯದಾಗುತ್ತದೆ. ಬೇಸಿಗೆಯಲ್ಲಿ ಬುಡ ಬಿಡಿಸುವಾಗ ಎಲ್ಲ ಸಾಲುಗಳನ್ನೂ ಒಟ್ಟಿಗೆ ಅಗೆಯದೆ, ಕಾಡಿನಂಚಿನ ಸಾಲುಗಳನ್ನು ಮೊಟ್ಟೆಯ ಕಾಲ ಮುಗಿಯುವವರೆಗೆ ಹಾಗೆಯೇ ಬಿಡಬಹುದು.

ಆದರೆ ಇವೆಲ್ಲಕ್ಕಿಂತ ದೊಡ್ಡದು ಸೊಪ್ಪಿನ ಬೆಟ್ಟದ ಪ್ರಶ್ನೆ. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಸೊಪ್ಪು ಮತ್ತು ದರಕಿಗಾಗಿ ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಚೆನ್ನಾಗಿ ನೋಡಿಕೊಂಡ ಬೆಟ್ಟಗಳು ಇಂದಿಗೂ ಕಾಡೇ ಆಗಿವೆ. ಕಡಿದು ಬೋಳಾದವುಗಳ ಕೆಳಗಿನ ತೋಟಗಳಲ್ಲಿ ಹಾರುವ ಓತಿಯನ್ನು ಹುಡುಕಲು ನಾನು ಯಾರಿಗೂ ಹೇಳುವುದಿಲ್ಲ. ತೋಟಕ್ಕೂ ಬೆಟ್ಟಕ್ಕೂ ನಡುವೆ ಮರಗಳ ಕೊಂಡಿ ಕಡಿಯದಿರಬೇಕು. ಹಾರುವ ಓತಿ ಏರಿದ ಎತ್ತರವನ್ನು ಖರ್ಚು ಮಾಡಿಯೇ ಮುಂದೆ ಸಾಗುವ ಪ್ರಾಣಿಯಾದ್ದರಿಂದ, ಅಂಚಿನಲ್ಲಿ ಅಗಲವಾಗಿ ಬಯಲು ಮಾಡಿ ರಸ್ತೆ ತೆಗೆದರೆ ಅದನ್ನು ದಾಟುವುದಕ್ಕೆ ನೆಲಕ್ಕಿಳಿಯದೆ ಬೇರೆ ದಾರಿಯಿಲ್ಲ. ಅಂಚಿನ ಹಲಸನ್ನೋ ನಂದಿಯನ್ನೋ ನೆರಳು ಬೀಳುತ್ತದೆಂದು ಕಡಿಸುವ ಮುನ್ನ ಇದನ್ನು ನೆನಪಿನಲ್ಲಿಡುವಂತೆ ಕೇಳಿಕೊಳ್ಳುತ್ತೇನೆ.

ದಾಖಲಿಸುವುದು

ನೋಡಿದ ದಿನವೇ ಬರೆದಿಡಿ: ತಾರೀಖು, ಗಂಟೆ, ಬಿಸಿಲೋ ಮೋಡವೋ, ಗಂಡೋ ಹೆಣ್ಣೋ, ಯಾವ ಮರ, ನೆಲದಿಂದ ಎಷ್ಟು ಎತ್ತರ, ಏನು ಮಾಡುತ್ತಿತ್ತು. ಹಾರಿದ್ದರೆ ಯಾವ ಮರದಿಂದ ಯಾವ ಮರಕ್ಕೆ, ಜಿಗಿದ ಎತ್ತರ, ಇಳಿದ ಎತ್ತರ ಮತ್ತು ನಡುವಿನ ದೂರವನ್ನು ಬರೆಯಿರಿ. ಮರಗಳ ಸಾಲಿನ ಅಂತರ ಗೊತ್ತಿದ್ದರೆ ದೂರವನ್ನು ಅಳೆಯುವುದು ಸುಲಭ. ಎತ್ತರಕ್ಕೆ ಕಾಂಡದ ಮೇಲೆ ಹಾಳೆ ಕಳಚಿದ ಗುರುತಿನ ಉಂಗುರಗಳನ್ನು ಎಣಿಸಿಕೊಂಡು, ಮರದ ಬುಡದಲ್ಲಿ ಎರಡು ಉಂಗುರಗಳ ನಡುವಿನ ಅಂತರವನ್ನು ಅಳೆದು ಲೆಕ್ಕ ಹಾಕಬಹುದು, ಆದರೆ ಮೇಲೆ ಹೋದಂತೆ ಉಂಗುರಗಳು ಹತ್ತಿರವಾಗುವುದರಿಂದ ಇದನ್ನು ಅಂದಾಜೆಂದೇ ಬರೆಯಬೇಕು. ಚಿತ್ರಗಳಿದ್ದರೆ ಜೀವಿಗಳನ್ನು ನೋಡಿದ ದಾಖಲೆಗಳನ್ನು ಯಾರು ಬೇಕಾದರೂ ಸೇರಿಸಬಹುದಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೆ ಸೇರಿಸಿ. ಖಾಸಗಿ ತೋಟವಾದರೆ ಜಾಗದ ನಿಖರ ಗುರುತನ್ನು ಮರೆಮಾಡಿ ಊರಿನ ಅಥವಾ ತಾಲ್ಲೂಕಿನ ಹೆಸರನ್ನಷ್ಟೇ ಕೊಡಿ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅಲ್ಲಿಗೆ ಹೋಗಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಊರಿನ ತೋಟದ ಅಂಚಿನಲ್ಲಿ ವರ್ಷಗಟ್ಟಲೆ ಒಂದೇ ಜಾಗದಿಂದ ಬರೆದಿಟ್ಟ ದಾಖಲೆ ಈ ಪ್ರಾಣಿಯ ವಿಷಯದಲ್ಲಿ ಎಲ್ಲಿಯೂ ಸುಲಭವಾಗಿ ಸಿಗುವಂತಹದಲ್ಲ.